ಸೀಳದ ಮೆಣಸಿನಕಾಯಿಯನ್ನು ಎಣ್ಣೆಗೆ ಬಿಡಬೇಡಿ

ಮಗಳ ಹುಟ್ಟುಹಬ್ಬದ ಸಂಜೆ ನಮ್ಮ ಅಡುಗೆಮನೆಯಲ್ಲಿ ಬಾಣಲೆಗೆ ಬೆಂಕಿ ಹತ್ತಿತು, ನನ್ನ ನಾದಿನಿಯ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟಿತು. ಮನೆಗೆ ನಾಲ್ಕು ಜನ ಬಂದರೆ ಗಿರ್ಮಿಟ್ಟಿನ ಜೊತೆ ಮಿರ್ಚಿ ಕರಿಯುವುದು ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ದಿನನಿತ್ಯದ ಮಾತಾದ್ದರಿಂದ, ಅಂದು ನಾನು ಮಾಡಿದ ತಪ್ಪುಗಳನ್ನು ಇನ್ನೊಂದು ಮನೆಯವರು ಮಾಡಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಅಂದು 35 ಜನ ಬರುವವರಿದ್ದರು. ನೂರಕ್ಕೂ ಹೆಚ್ಚು ಮಿರ್ಚಿ ಬೇಕಿತ್ತು. ಎಂದಿನಂತೆ ಹತ್ತೋ ಹದಿನೈದೋ ಮಾಡುವಾಗ ಪ್ರತಿಯೊಂದು ಮೆಣಸಿನಕಾಯಿಯನ್ನೂ ಉದ್ದಕ್ಕೆ ಒಂದು ಬದಿ ಸೀಳಿ, ಉಪ್ಪು-ಜೀರಿಗೆ ಸವರಿ, ಬಟ್ಟೆಯ ಮೇಲೆ ಹರವುತ್ತೇನೆ. ಅಂದು ನಾದಿನಿ ಅರ್ಧದಷ್ಟನ್ನು ಸೀಳಿ ಮುಗಿಸುವ ಹೊತ್ತಿಗೆ ಅತಿಥಿಗಳು ಬರತೊಡಗಿದ್ದರಿಂದ, ಉಳಿದವನ್ನು ನಾನು ಆಗಷ್ಟೇ ತೊಳೆದು, ಸೀಳದೆ, ಒರೆಸದೆ ಕಡಲೆಹಿಟ್ಟಿನಲ್ಲಿ ಅದ್ದಿದೆ. ಒದ್ದೆಯ ಕಾಯಿಗೆ ಹಿಟ್ಟು ನಿಲ್ಲದೆ ಜಾರುತ್ತಿತ್ತು. ಅದಕ್ಕೆಂದು ಇನ್ನಷ್ಟು ಹಿಟ್ಟು ಸೇರಿಸಿ ಗಟ್ಟಿ ಮಾಡಿದೆ. ಸಾಲದ್ದಕ್ಕೆ, ಒಂದೇ ಸಲಕ್ಕೆ ಹೆಚ್ಚು ಬೇಯಲಿ ಎಂದು ಬಾಣಲೆಯ ಅಂಚಿಗೆ ಎರಡು ಬೆರಳು ಬಿಟ್ಟು ಎಣ್ಣೆ ತುಂಬಿಸಿದ್ದೆ.

ಸೀಳಿದ ಕಾಯಿಗಳೆಲ್ಲ ಚೆನ್ನಾಗಿಯೇ ಬೆಂದವು. ಸೀಳದವುಗಳ ಮೊದಲ ಸರದಿಯಲ್ಲಿ ಹತ್ತನ್ನು ಒಟ್ಟಿಗೆ ಬಿಟ್ಟೆ. ಒಂದು ನಿಮಿಷವೂ ಆಗಿರಲಿಲ್ಲ, ಪಟಾಕಿ ಹಾರಿದಂತೆ ಸದ್ದಾಗಿ ಎರಡು ಮಿರ್ಚಿ ಒಡೆದವು. ಜಾಲರಿ ಸೌಟು ಹಿಡಿದು ಪಕ್ಕದಲ್ಲೇ ನಿಂತಿದ್ದ ನಾದಿನಿಯ ಕೈಮೇಲೆ ಎಣ್ಣೆ ಸುರಿಯಿತು. ಅಂಚು ಮೀರಿ ಉಕ್ಕಿದ ಎಣ್ಣೆ ಒಲೆಯ ಉರಿಗೆ ತಗುಲಿ, ಬಾಣಲೆಯ ಮೈಯೇರಿ, ಮೇಲಿನ ಎಣ್ಣೆಗೂ ಬೆಂಕಿ ಹಿಡಿಯಿತು.

ಇದರ ಕಾರಣ ಸರಳವಾದದ್ದು. ಹಸಿಮೆಣಸಿನಕಾಯಿಯ ಒಳಗೆ ಟೊಳ್ಳಿದೆ. ಅದರ ತಿರುಳಿನಲ್ಲಿ ನೀರಿದೆ. ನೀರು ಕುದಿಯುವುದು 100 ಡಿಗ್ರಿಯಲ್ಲಿ, ಕರಿಯುವ ಎಣ್ಣೆ ಇರುವುದು 170-180 ಡಿಗ್ರಿಯ ಸುಮಾರಿನಲ್ಲಿ. ನೀರು ಆವಿಯಾದಾಗ ಸುಮಾರು 1,700 ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಸೀಳಿದ ಕಾಯಿಯಲ್ಲಿ ಆ ಆವಿಗೆ ಹೊರದಾರಿ ಇರುತ್ತದೆ. ಸೀಳದ ಕಾಯಿಗೆ ದಪ್ಪ ಹಿಟ್ಟಿನ ಕವಚವನ್ನೂ ತೊಡಿಸಿದ ನಾನು ಇದ್ದ ಒಂದಿಷ್ಟು ಸಂದನ್ನೂ ಮುಚ್ಚಿಬಿಟ್ಟಿದ್ದೆ. ಕೋಡುಬಳೆಯ ಹೊಸೆತದೊಳಗೆ ಗಾಳಿ ಉಳಿದಾಗ, ಸಾಬೂದಾಣಿ ವಡೆಯ ಕಾಳಿನಲ್ಲಿ ನೀರು ಹೆಚ್ಚಾಗಿ ನಿಂತಾಗ ಅವು ಸಿಡಿಯುವುದೂ ಹೀಗೆಯೇ.

ಬೆಂಕಿ ಕಂಡೊಡನೆ ನನ್ನ ಕೈ ನೀರಿನ ಕೊಡದ ಕಡೆಗೇ ಹೋಯಿತು. ಸುಟ್ಟ ಕೈಯನ್ನು ಎದೆಗವಚಿಕೊಂಡಿದ್ದ ನಾದಿನಿಯೇ “ವೈನೀ, ನೀರು ಹಾಕಬ್ಯಾಡ್ರಿ!” ಎಂದು ಚೀರಿದಳು. ಆ ಒಂದು ಮಾತು ನಮ್ಮ ಮನೆಯನ್ನು ಉಳಿಸಿತು. ನೀರು ಎಣ್ಣೆಗಿಂತ ಭಾರವಾದದ್ದರಿಂದ ಉರಿಯುವ ಎಣ್ಣೆಯ ತಳಕ್ಕಿಳಿದು, ಅಲ್ಲಿ ಒಮ್ಮೆಲೇ ಆವಿಯಾಗಿ, ಬೆಂಕಿ ಹತ್ತಿದ ಎಣ್ಣೆಯನ್ನೇ ಮೇಲಕ್ಕೆ ಎರಚುತ್ತದೆ. ಜ್ವಾಲೆ ಚಾವಣಿಗೆ ಮುಟ್ಟಲು ಒಂದು ತಂಬಿಗೆ ನೀರು ಸಾಕು. ನಮ್ಮ ಸಿಲಿಂಡರ್ ಹಿತ್ತಲ ಕಡೆ ಇರುವುದರಿಂದ ಮನೆಯವರು ಅಲ್ಲಿಗೆ ಓಡಿ ರೆಗ್ಯುಲೇಟರ್ ಬಂದ್ ಮಾಡಿದರು. ಅತ್ತೆಯವರು ಹಿಟ್ಟು ನಾದುವ ದೊಡ್ಡ ಪರಾತವನ್ನು ತಂದು, ಮೇಲಿಂದ ಬೀಳಿಸದೆ, ತಮ್ಮ ಕಡೆಯಿಂದ ಆಚೆಗೆ ಸರಿಸುತ್ತ ಬಾಣಲೆಯನ್ನು ಮುಚ್ಚಿದರು. ಗಾಳಿ ಸಿಗದೆ ಬೆಂಕಿ ಆರಿತು. ಎಣ್ಣೆ ಪೂರ್ತಿ ತಣ್ಣಗಾಗುವವರೆಗೆ ನಾವು ಪರಾತ ತೆಗೆಯಲಿಲ್ಲ, ಬಾಣಲೆಯನ್ನು ಅಲುಗಿಸಲೂ ಇಲ್ಲ, ಏಕೆಂದರೆ ಬಿಸಿ ಎಣ್ಣೆಗೆ ಮತ್ತೆ ಗಾಳಿ ತಗುಲಿದರೆ ಬೆಂಕಿ ಮರಳಿ ಹತ್ತಬಹುದು. ಹೀಗೆ ಮುಚ್ಚಲಾಗದಷ್ಟು ಬೆಂಕಿ ಬೆಳೆದಿದ್ದರೆ ಎಲ್ಲರನ್ನೂ ಹೊರಗೆ ಕಳಿಸಿ 101ಕ್ಕೆ ಕರೆ ಮಾಡುವುದೊಂದೇ ದಾರಿ.

ನನಗೆ ಇಂದಿಗೂ ಹೆಚ್ಚು ನೋವು ಕೊಡುವುದು ಆಮೇಲಿನ ಹತ್ತು ನಿಮಿಷಗಳು. ಬಂದವರೆಲ್ಲ ಪ್ರೀತಿಯಿಂದಲೇ ಓಡಿ ಬಂದು ಒಬ್ಬರು ಟೂತ್‌ಪೇಸ್ಟ್ ಹಚ್ಚಿದರು, ಇನ್ನೊಬ್ಬರು ಅದರ ಮೇಲೆ ಅರಿಶಿನ ಉದುರಿಸಿದರು, ಮತ್ತೊಬ್ಬರು ಫ್ರಿಜ್ಜಿನಿಂದ ಐಸ್ ತಂದು ಒತ್ತಿದರು. ನಲ್ಲಿ ಎರಡು ಹೆಜ್ಜೆ ದೂರದಲ್ಲಿತ್ತು. ಆಸ್ಪತ್ರೆಯಲ್ಲಿ ಆ ಲೇಪವನ್ನೆಲ್ಲ ತೊಳೆದು ತೆಗೆಯುವಾಗ ಅವಳು ಪಟ್ಟ ಸಂಕಟವನ್ನು ನಾನು ಕಣ್ಣಾರೆ ಕಂಡೆ. ಸುಟ್ಟೊಡನೆ 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಕೈ ಹಿಡಿಯಬೇಕಿತ್ತು, ಬೇರೇನೂ ಹಚ್ಚಬಾರದಿತ್ತು, ಐಸ್ ಅಂತೂ ಸುಟ್ಟ ಚರ್ಮಕ್ಕೆ ಇನ್ನಷ್ಟು ಹಾನಿ ಮಾಡುತ್ತದೆ ಎಂದು ವೈದ್ಯರು ಹೇಳಿದರು. ಹಬ್ಬದೂಟಕ್ಕೆಂದು ತೊಟ್ಟಿದ್ದ ಗಾಜಿನ ಬಳೆಗಳನ್ನು ಬಾವು ಬರುವ ಮೊದಲೇ ತೆಗೆಯಬೇಕೆಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ. ಊದಿದ ಕೈಯಿಂದ ಅವನ್ನು ಒಂದೊಂದಾಗಿ ಒಡೆದು ತೆಗೆಯಬೇಕಾಯಿತು. ಗುಳ್ಳೆಗಳನ್ನು ಒಡೆಯದೆ, ಶುಚಿಯಾಗಿ ಮುಚ್ಚಿಡಬೇಕೆಂದರು.

ಈಗ ನಮ್ಮ ಮನೆಯಲ್ಲಿ ಮೆಣಸಿನಕಾಯಿಯನ್ನು ಬೆಳಿಗ್ಗೆಯೇ ತೊಳೆದು ಬಟ್ಟೆಯ ಮೇಲೆ ಆರಲು ಬಿಡುತ್ತೇವೆ. ತೊಟ್ಟನ್ನು ಹಿಡಿಯಲು ಉಳಿಸಿಕೊಂಡು, ಅದರ ಕೆಳಗಿನಿಂದ ತುದಿಗಿಂತ ಸ್ವಲ್ಪ ಮೇಲಿನವರೆಗೆ ಪ್ರತಿಯೊಂದನ್ನೂ ಸೀಳುತ್ತೇವೆ. ಸಣ್ಣದೆಂದು ಒಂದನ್ನೂ ಬಿಡುವುದಿಲ್ಲ. ಖಾರ ಹೆಚ್ಚಾಗಿರುವುದು ಬೀಜಕ್ಕಿಂತ ಅದಕ್ಕೆ ಅಂಟಿದ ಬಿಳಿ ತಿರುಳಿನಲ್ಲಿ, ಆದ್ದರಿಂದ ಮಕ್ಕಳಿಗೆ ಮಾಡುವಾಗ ಅದನ್ನು ತೆಗೆದರೆ ಖಾರವೂ ಇಳಿಯುತ್ತದೆ, ನೀರಿನಂಶವೂ ಕಡಿಮೆಯಾಗುತ್ತದೆ. ಹಿಟ್ಟು ಕಾಯಿಯನ್ನು ತೆಳುವಾಗಿ ಹಿಡಿಯುವಷ್ಟೇ ದಪ್ಪವಿರಬೇಕು. ಬಾಣಲೆಯಲ್ಲಿ ಎಣ್ಣೆ ಅರ್ಧವನ್ನು ಮೀರಬಾರದು. ಒಂದು ಸಲಕ್ಕೆ ನಾಲ್ಕೇ ಮಿರ್ಚಿ ಬಿಡಬೇಕು. ಹೊಗೆಯಾಡಿದರೆ ತಕ್ಷಣ ಉರಿ ಆರಿಸಬೇಕು. ಹೆಚ್ಚು ಜನರಿದ್ದಾಗ ಅತಿಥಿಗಳು ಬರುವ ಮೊದಲೇ ಎಲ್ಲವನ್ನೂ ಒಮ್ಮೆ ಹದವಾಗಿ ಕರಿದಿಟ್ಟು, ಬಡಿಸುವ ಮುನ್ನ ಎರಡನೆಯ ಸಲ ಕರಿದರೆ ಗರಿಯಾಗಿಯೂ ಇರುತ್ತವೆ, ನನ್ನನ್ನು ಕೆಡಿಸಿದ ಆ ಅವಸರವೂ ಇರುವುದಿಲ್ಲ. ಒಲೆಯ ಪಕ್ಕದಲ್ಲಿ ಬಾಣಲೆಗಿಂತ ಅಗಲವಾದ ಮುಚ್ಚಳವನ್ನು ಮೊದಲೇ ಇಟ್ಟುಕೊಂಡು, ಮಕ್ಕಳನ್ನು ಹೊರಗೆ ಕಳಿಸಿದ ಮೇಲೆಯೇ ಎಣ್ಣೆ ಕಾಯಲು ಇಡುತ್ತೇನೆ.