ಸ್ಟ್ರೀಟ್ ಫೈಟರ್ 6: ಸಾವಿರ ಗಂಟೆ, ಮುಕ್ಕಾಲು ಪಾಲು ಮಾನೋನ್ ಜೊತೆ

ಮೊದಲೇ ಹೇಳಿಬಿಡುತ್ತೇನೆ, ಇದು ಇಡೀ ಆಟದ ವಿಮರ್ಶೆ ಅಲ್ಲ. ಕ್ಯಾಪ್‌ಕಾಮ್‌ನ ಇಬ್ಬರು ಎದುರುಬದುರು ನಿಂತು ಹೊಡೆದಾಡುವ ವಿಡಿಯೊ ಗೇಮ್ ಸ್ಟ್ರೀಟ್ ಫೈಟರ್ 6 ಹೊರಬಂದದ್ದು 2023ರ ಜೂನ್ 2ರಂದು. ಆ ವಾರವೇ ಆಡಲು ಕೂತೆ. ಈಗ ಲೆಕ್ಕ ಸಾವಿರ ಗಂಟೆ ದಾಟಿದೆ. ಅದರಲ್ಲಿ ಮುಕ್ಕಾಲು ಪಾಲು ಒಬ್ಬಳ ಜೊತೆಗೇ ಕಳೆದಿದ್ದೇನೆ. ಅವಳ ಹೆಸರು ಮಾನೋನ್. ಉಳಿದವರ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅವರ ಕೈಯಲ್ಲಿ ಏಟು ತಿಂದು ಕಲಿತದ್ದು.

ಬಿಡುಗಡೆಯ ದಿನ 18 ಪಾತ್ರಗಳಿದ್ದವು. ಅದರಲ್ಲಿ ಆರು ಹೊಚ್ಚ ಹೊಸವು. ರ್‍ಯೂ, ಕೆನ್, ಚುನ್-ಲೀ ನನಗೆ ಮೊದಲೇ ಪರಿಚಯ. ಆದರೂ ಕಣ್ಣು ಹೊಸಬರ ಕಡೆಗೇ ಹೋಯಿತು. ಮಾನೋನ್‌ಳನ್ನು ಆರಿಸಿದ್ದು ಬಲಾಬಲ ನೋಡಿ ಅಲ್ಲ, ಅವಳು ನಿಂತ ರೀತಿ ನೋಡಿ. ಫ್ರಾನ್ಸ್‌ನವಳು, ಸೂಪರ್ ಮಾಡೆಲ್, ಬ್ಯಾಲೆ ಮತ್ತು ಜೂಡೋ ಎರಡನ್ನೂ ಬೆರೆಸಿ ಹೊಡೆದಾಡುತ್ತಾಳೆ. ಉಳಿದವರೆಲ್ಲ ಜಗಳಕ್ಕೆ ನಿಂತ ಹಾಗೆ ನಿಂತಿದ್ದರೆ ಇವಳೊಬ್ಬಳು ಕುಣಿಯಲು ಬಂದ ಹಾಗೆ ನಿಂತಿದ್ದಳು.

ಮೊದಲ ವಾರ ಸೋತಿದ್ದಕ್ಕೆ ಲೆಕ್ಕವೇ ಇಲ್ಲ. ಒಂದು ವಿಷಯ ತಲೆಗೆ ಹೋಗಲು ತಿಂಗಳು ಬೇಕಾಯಿತು. ಅವಳನ್ನು ಹೇಗೆ ಆಡಬೇಕು ಅನ್ನುವುದು ಅವಳ ಮೈಮೇಲೇ ಬರೆದಿದೆ! ಕಾಲು ಉದ್ದ, ಅಂದರೆ ದೂರದಿಂದ ತಾಗುತ್ತದೆ. ಜೂಡೋ ಗೊತ್ತು, ಅಂದರೆ ಹತ್ತಿರ ಹೋದರೆ ಹಿಡಿದು ಎಸೆಯುತ್ತಾಳೆ. ಆ ವಿಶೇಷ ಹಿಡಿತ ಸಿಕ್ಕಿದಾಗಲೆಲ್ಲ ಅವಳಿಗೆ ಪದಕದ ಒಂದು ಮಟ್ಟ ಏರುತ್ತದೆ. ಒಟ್ಟು ಐದು ಮಟ್ಟ. ಏರಿದ ಹಾಗೆಲ್ಲ ಹಿಡಿತದ ಏಟೂ ಜಾಸ್ತಿ ಆಗುತ್ತದೆ. ಒಂದು ಸುತ್ತಿನಲ್ಲಿ ಗಳಿಸಿದ್ದು ಮುಂದಿನ ಸುತ್ತಿಗೂ ಉಳಿಯುತ್ತದೆ. ಸ್ಪರ್ಧೆಯಲ್ಲಿ ಗೆದ್ದು ಗೆದ್ದು ಅಭ್ಯಾಸವಾದವಳ ಕೊರಳಿಗೆ ಪದಕ ಬೀಳುವುದು ಕಥೆಗೂ ಸರಿ, ಆಟಕ್ಕೂ ಸರಿ. ಬರೆದವರೂ ಬಿಡಿಸಿದವರೂ ಒಂದೇ ಮೇಜಿನಲ್ಲಿ ಕೂತಿದ್ದರೇನೋ ಅನಿಸುತ್ತದೆ.

ಇದನ್ನು ಕಂಡ ಮೇಲೆ ಉಳಿದವರನ್ನೂ ಅದೇ ಕಣ್ಣಿಂದ ನೋಡಲು ಶುರು ಮಾಡಿದೆ. ಜೇಮಿಯ ಹತ್ತಿರ ಒಂದು ಸೋರೆಬುರುಡೆ ಇದೆ. ಜಗಳದ ನಡುವೆ ನಿಂತು ಅದರಿಂದ ಒಂದು ಗುಟುಕು ಕುಡಿದರೆ ಹೊಸ ಪಟ್ಟುಗಳು ತೆರೆದುಕೊಳ್ಳುತ್ತವೆ. ನಾಲ್ಕು ಸಲ ಕುಡಿದರೆ ಪೂರ್ತಿ. ಆದರೆ ಕುಡಿದದ್ದೆಲ್ಲ ಆ ಸುತ್ತು ಮುಗಿದಾಗ ಇಳಿದುಹೋಗುತ್ತದೆ. ಪಾಪ! ಕಿಂಬರ್ಲಿಯ ಸ್ಪ್ರೇ ಡಬ್ಬಿ ಬರೀ ಅಲಂಕಾರ ಅಲ್ಲ, ಎದುರಾಳಿಯ ಕಾಲಬುಡದಲ್ಲಿ ಸಿಡಿಯುವ ಬಾಂಬು. ಮರೀಸಾ ಬೆಟ್ಟದ ಹಾಗಿದ್ದಾಳೆ. ನಿಧಾನ, ಆದರೆ ಒಂದು ಗುದ್ದು ಬಿದ್ದರೆ ಅರ್ಧ ಆಟ ಮುಗಿಯಿತು ಅಂತಲೇ ಲೆಕ್ಕ. ಧಾಲ್ಸಿಮ್‌ನ ಕೈಕಾಲು ರಬ್ಬರಿನ ಹಾಗೆ ಚಾಚುತ್ತವೆ, ಹಾಗಾಗಿ ಅವನು ಹತ್ತಿರ ಬಿಟ್ಟುಕೊಳ್ಳುವುದೇ ಇಲ್ಲ. ಭಾರತದ ಯೋಗಿ ಅಂದ ತಕ್ಷಣ ಬೆಂಕಿ ಉಗುಳಿಸುವುದು, ಹಳೆಯ ಆಟಗಳಲ್ಲಿ ಕೊರಳಿಗೆ ತಲೆಬುರುಡೆ ಹಾರ ತೊಡಿಸಿದ್ದು ನೋಡಿದರೆ ನಗು, ಮುಜುಗರ ಎರಡೂ ಬರುತ್ತದೆ. ಹಾಗಂತ ಎದುರಿಗೆ ಬಂದರೆ ನಗು ಗಿಗು ಏನೂ ಉಳಿಯಲ್ಲ. ಮಾನೋನ್ ಆಡುವವರಿಗೆ ಅವನಷ್ಟು ತಲೆನೋವಿನ ಪಾತ್ರ ಇನ್ನೊಂದಿಲ್ಲ. ಹಿಡಿಯಲು ಕೈಗೆ ಸಿಗಬೇಕಲ್ವಾ!

ಪಾತ್ರಗಳು ಇಷ್ಟು ಢಾಳಾಗಿ ಕಾಣಲು ಕಾರಣ ಬರೀ ಚಂದ ಅಲ್ಲ. ಆಟ ಸೆಕೆಂಡಿಗೆ 60 ಚಿತ್ರಗಳಂತೆ, ಅಂದರೆ 60 ಫ್ರೇಮ್‌ನಂತೆ ಓಡುತ್ತದೆ. ಡ್ರೈವ್ ಇಂಪ್ಯಾಕ್ಟ್ ಅನ್ನುವ ದೊಡ್ಡ ಗುದ್ದು ತಾಗಲು 26 ಫ್ರೇಮ್ ತೆಗೆದುಕೊಳ್ಳುತ್ತದೆ, ಅಂದರೆ ಅರ್ಧ ಸೆಕೆಂಡೂ ಇಲ್ಲ. ಅಷ್ಟರಲ್ಲಿ ಅದನ್ನು ಕಂಡು, ಗುರುತಿಸಿ, ಉತ್ತರ ಒತ್ತಬೇಕು. ಅದಕ್ಕೇ ಆ ಗುದ್ದಿಗೆ ಪರದೆಯ ಮೇಲೆ ಬಣ್ಣ ಎರಚಿದ ಹಾಗೆ ಕಾಣುವ ಪರಿಣಾಮ ಕೊಟ್ಟಿದ್ದಾರೆ. ಮೊದಲ ಸಲ ನೋಡಿದಾಗ ಸುಮ್ನೆ ಆಡಂಬರ ಅಂದುಕೊಂಡಿದ್ದೆ. ಈಗ ಆ ಬಣ್ಣ ಕಂಡರೆ ಮೆದುಳಿಗೆ ಗೊತ್ತಾಗುವ ಮೊದಲೇ ಬೆರಳು ಓಡುತ್ತದೆ. ಹತ್ತಕ್ಕೆ ಆರು ಸಲ. ಉಳಿದ ನಾಲ್ಕು ಸಲ ಗೋಡೆಗೆ ಅಂಟಿಕೊಂಡಿರುತ್ತೇನೆ.

ಡ್ರೈವ್ ಗೇಜ್ ಅನ್ನುವ ಶಕ್ತಿಯ ಮೀಟರ್ ಬಗ್ಗೆ ಒಂದು ಮಾತು. ಪ್ರತಿ ಸುತ್ತಿಗೂ ಆರು ಪಟ್ಟಿ ತುಂಬಿಯೇ ಕೊಡುತ್ತಾರೆ. ಓಡಲು, ತಡೆಯಲು, ಪಟ್ಟನ್ನು ಬಲಪಡಿಸಲು ಎಲ್ಲಕ್ಕೂ ಅದೇ ದುಡ್ಡು. ಖಾಲಿಯಾದರೆ ಬರ್ನ್‌ಔಟ್. ಆಮೇಲೆ ತಡೆದರೂ ವಿಶೇಷ ಪಟ್ಟುಗಳಿಂದ ಜೀವ ಸೋರುತ್ತದೆ. ಮೂಲೆಯಲ್ಲಿ ಸಿಕ್ಕಿಬಿದ್ದಾಗ ಡ್ರೈವ್ ಇಂಪ್ಯಾಕ್ಟ್ ಬಿದ್ದರೆ ತಲೆ ತಿರುಗಿ ನಿಲ್ಲುತ್ತೀರಿ. ಕೈಯಲ್ಲಿ ಕಾಸಿದ್ದಾಗ ಹಿಂದೆ ಮುಂದೆ ನೋಡದೆ ಖರ್ಚು ಮಾಡುವವನಿಗೆ ಈ ಆಟ ಚೆನ್ನಾಗಿ ಬುದ್ಧಿ ಕಲಿಸುತ್ತದೆ. ನನಗೆ ಇನ್ನೂ ಕಲಿಸುತ್ತಿದೆ.

ಹೊಸಬರಿಗೆ ಮಾಡರ್ನ್ ಅನ್ನುವ ನಿಯಂತ್ರಣ ಇದೆ. ಒಂದೇ ಬಟನ್‌ಗೆ ವಿಶೇಷ ಪಟ್ಟು ಬರುತ್ತದೆ, ಏಟು ಮಾತ್ರ ಶೇ. 20ರಷ್ಟು ಕಡಿಮೆ. ಅದನ್ನು ಬಳಸುವವರನ್ನು ಕೆಲವರು ಕೀಳಾಗಿ ನೋಡುತ್ತಾರೆ. ನಾನು ಆ ಗುಂಪಲ್ಲಿಲ್ಲ. ಬೆರಳು ತಿರುಚುವ ಕಷ್ಟ ಬೇರೆ, ಎದುರಾಳಿಯ ಮನಸ್ಸು ಓದುವ ಕಷ್ಟ ಬೇರೆ. ಎರಡನೆಯದಕ್ಕೆ ಯಾರೂ ಬಟನ್ ಕೊಟ್ಟಿಲ್ಲ.

ಆನ್‌ಲೈನ್ ಆಟ ಗಟ್ಟಿಯಾಗಿದೆ. ಕಾರಣ ರೋಲ್‌ಬ್ಯಾಕ್. ಎದುರಾಳಿ ಏನು ಒತ್ತುತ್ತಾನೆ ಅಂತ ಯಂತ್ರವೇ ಊಹಿಸಿ ಆಟ ಮುಂದುವರಿಸುತ್ತದೆ, ಊಹೆ ತಪ್ಪಾದರೆ ಕೆಲವು ಫ್ರೇಮ್ ಹಿಂದಕ್ಕೆ ಹೋಗಿ ತಿದ್ದಿಕೊಳ್ಳುತ್ತದೆ. ಈ ತಂತ್ರವನ್ನು ಫೈಟಿಂಗ್ ಗೇಮ್‌ಗಳಲ್ಲಿ ಮನೆಮಾತು ಮಾಡಿದ ಜಿಜಿಪಿಓ ಅನ್ನುವ ಸಾಫ್ಟ್‌ವೇರ್ ದೊಡ್ಡ ಕಂಪನಿಯಲ್ಲಿ ಹುಟ್ಟಿದ್ದಲ್ಲ. ಅದನ್ನು ಬರೆದದ್ದು ಟೋನಿ ಕ್ಯಾನನ್, ಇಂಥ ಆಟಗಳ ಇವೋ ಟೂರ್ನಮೆಂಟ್ ಕಟ್ಟಿದವರಲ್ಲಿ ಒಬ್ಬರು. ಅಂದರೆ ಅಭಿಮಾನಿಗಳೇ.

ಈ ಅಭಿಮಾನಿಗಳ ಕಥೆ ಹೇಳದೆ ವಿಮರ್ಶೆ ಮುಗಿಸಲಾಗಲ್ಲ. ಸ್ಟ್ರೀಟ್ ಫೈಟರ್ 2ರ ಒಬ್ಬ ಬಾಕ್ಸರ್‌ಗೆ ಜಪಾನಿನಲ್ಲಿ ಎಂ. ಬೈಸನ್ ಅಂತ ಹೆಸರಿತ್ತು. ನೋಡಲು ಮೈಕ್ ಟೈಸನ್ ಥರ. ಹೊರದೇಶಕ್ಕೆ ಹೋಗುವಾಗ ಕೇಸು ಬೀಳಬಹುದು ಅಂತ ಮೂವರ ಹೆಸರು ಅದಲುಬದಲು ಮಾಡಿದರು. ಅಂದಿನಿಂದ ಯಾರು ಯಾರು ಅನ್ನುವುದೇ ಗೊಂದಲ. ಆಟಗಾರರು ಅದಕ್ಕೊಂದು ದಾರಿ ಹುಡುಕಿಕೊಂಡರು: ಬಾಕ್ಸರ್, ಕ್ಲಾ, ಡಿಕ್ಟೇಟರ್ ಅಂತ ರೂಪ ನೋಡಿಯೇ ಕರೆಯುವುದು. ಇಂದಿಗೂ ಹಾಗೇ ಕರೆಯುವವರಿದ್ದಾರೆ.

ಇನ್ನೊಂದು ಇದಕ್ಕಿಂತ ಮಜಾ. ಅದೇ ಆಟದಲ್ಲಿ ರ್‍ಯೂನ ಒಂದು ಮಾತು ಇಂಗ್ಲಿಷಿಗೆ ಹೋಗುವಾಗ ತಪ್ಪಾಯಿತು. ಅವನ ಪಟ್ಟಿನ ಹೆಸರು 'ಶೆಂಗ್ ಲಾಂಗ್' ಅನ್ನುವ ಮನುಷ್ಯನ ಹೆಸರಿನ ಹಾಗೆ ಕಂಡಿತು. 1992ರ ಏಪ್ರಿಲ್‌ನಲ್ಲಿ ಒಂದು ಅಮೆರಿಕನ್ ಪತ್ರಿಕೆ, ಇವನೊಬ್ಬ ಗುಪ್ತ ಎದುರಾಳಿ, ಹೀಗೆ ಹೀಗೆ ಆಡಿದರೆ ಸಿಗುತ್ತಾನೆ ಅಂತ ಮೂರ್ಖರ ದಿನದ ತಮಾಷೆ ಬರೆಯಿತು. ಜನ ನಂಬಿ, ಇಲ್ಲದವನನ್ನು ಹುಡುಕುತ್ತಾ ಕಾಸು ಸುರಿದರು. 1994ರಲ್ಲಿ ಅಕುಮಾ ಅನ್ನುವ ಗುಪ್ತ ಎದುರಾಳಿ ನಿಜವಾಗಿಯೂ ಬಂದ! ಈ ಆಟಕ್ಕೆ ಅವನು ಸೇರಿದ್ದು 2024ರ ಮೇನಲ್ಲಿ. ಆ ತಿಂಗಳು ಎತ್ತ ತಿರುಗಿದರೂ ಅಕುಮಾ. ನಾನು ಒಂದೇ ಸಂಜೆ ಹನ್ನೊಂದು ಅಕುಮಾಗಳ ಕೈಯಲ್ಲಿ ಸೋತಿದ್ದೇನೆ.

ಪಂದ್ಯ ನೋಡುವ ಹುಚ್ಚೂ ಹತ್ತಿತು. 2004ರ ಇವೋದಲ್ಲಿ ಸ್ಟ್ರೀಟ್ ಫೈಟರ್ 3 ಪಂದ್ಯವೊಂದರಲ್ಲಿ ದೈಗೊ ಉಮೆಹರಾ ಆಡಿದ ಕೆನ್ ಪಾತ್ರದ ಜೀವ ಕೂದಲೆಳೆಯಷ್ಟೇ ಉಳಿದಿತ್ತು. ಜಸ್ಟಿನ್ ವಾಂಗ್ ಚುನ್-ಲೀಯಿಂದ ಹದಿನೈದು ಒದೆತದ ಸೂಪರ್, ಅಂದರೆ ಅತಿ ಬಲದ ಪಟ್ಟು, ಬಿಟ್ಟರು. ದೈಗೊ ಹದಿನೈದನ್ನೂ ಒಂದೊಂದಾಗಿ ತಡೆದು ತಿರುಗಿ ಹೊಡೆದು ಗೆದ್ದರು. ಹಿಂದೆ ಕೂತ ಜನ ಕೂಗಿದ್ದು ಕೇಳಲಿಕ್ಕೇ ಆ ವಿಡಿಯೊ ನೋಡಬೇಕು. ಆ ಆಟದ ಫೈನಲ್‌ನಲ್ಲಿ ದೈಗೊ ಸೋತರು ಅನ್ನುವುದು ಎಷ್ಟೋ ಜನಕ್ಕೆ ನೆನಪೇ ಇಲ್ಲ. 2023ರ ಇವೋದಲ್ಲಿ ಸ್ಟ್ರೀಟ್ ಫೈಟರ್ 6ಕ್ಕೆ ಏಳು ಸಾವಿರಕ್ಕೂ ಹೆಚ್ಚು ಜನ ಹೆಸರು ಕೊಟ್ಟಿದ್ದರು. ಗೆದ್ದದ್ದು ಯುಎಇಯ ಆಂಗ್ರಿಬರ್ಡ್ ಅನ್ನುವ ಆಟಗಾರ, ಅವರದೂ ಕೆನ್ ಪಾತ್ರವೇ.

ಬೇಸರ ತಂದದ್ದೂ ಇದೆ. ವರ್ಲ್ಡ್ ಟೂರ್ ಅನ್ನುವ ಒಂಟಿ ಆಟ ಮೊದಲ ಹತ್ತು ಗಂಟೆ ಖುಷಿ, ಆಮೇಲೆ ಬರೀ ಓಡಾಟ. ಹೊಸ ಪಾತ್ರ ಬರುವುದು ವರ್ಷಕ್ಕೆ ನಾಲ್ಕೇ. ಒಂದೊಂದಕ್ಕೆ ಕಾದು ಕಾದು ಕಣ್ಣು ಬೆಳ್ಳಗಾಗುತ್ತದೆ. 2025ರ ಜೂನ್‌ನಲ್ಲಿ ಎಲೆನಾ ಬಂದಾಗ ಒಟ್ಟು 26 ಆಯಿತು. ಉಡುಪುಗಳಿಗೆ ಕೊಡಬೇಕಾದ ದುಡ್ಡಿನ ಬಗ್ಗೆ ಅಭಿಮಾನಿಗಳ ಗೊಣಗಾಟ ನಿಂತೇ ಇಲ್ಲ. ಬ್ಯಾಟಲ್ ಹಬ್‌ನಲ್ಲಿ ಎಲ್ಲರೂ ತಮ್ಮದೇ ಗೊಂಬೆ ಮಾಡಿಕೊಂಡು ಓಡಾಡಬಹುದು. ಅಲ್ಲಿ ಮೊಣಕಾಲಷ್ಟು ಎತ್ತರದ ತಲೆ, ಕಡ್ಡಿಯಂಥ ಕಾಲಿನ ವಿಕಾರಗಳೇ ಜಾಸ್ತಿ. ಅದು ಬೇಸರವೋ ಮನರಂಜನೆಯೋ ಇನ್ನೂ ತೀರ್ಮಾನಿಸಿಲ್ಲ.

ನಡುವೆ ಲಿವರ್ ಇಲ್ಲದ, ಬರೀ ಬಟನ್‌ಗಳ ಕಂಟ್ರೋಲರ್ ತಗೊಂಡೆ. ನಾಲ್ಕೇ ತಿಂಗಳಿಗೆ ಮೇಲಕ್ಕೆ ಹಾರುವ ಬಟನ್ ಸತ್ತಿತು. ಒಂದು ವಾರ ಹಾರದೆಯೇ ಆಡಿದೆ. ವಿಚಿತ್ರ ಏನೆಂದರೆ ಆ ವಾರ ಗೆದ್ದದ್ದೇ ಜಾಸ್ತಿ. ನಾನು ಎಷ್ಟು ಸುಮ್ಮಸುಮ್ಮನೆ ಹಾರುತ್ತಿದ್ದೆ ಅಂತ ಆಗ ಗೊತ್ತಾಯಿತು.

ಮಾನೋನ್ ಬಲಾಢ್ಯರ ಪಟ್ಟಿಯಲ್ಲಿ ಮೇಲೆ ಬಂದದ್ದು ನಾನು ಕಂಡಿಲ್ಲ. ಕೆಳಗೆ ಬಿದ್ದು ಏಳುವಾಗ ಸೂಪರ್ ಇಲ್ಲದಿದ್ದರೆ ಅವಳಿಗೆ ಗಟ್ಟಿಯಾದ ಉತ್ತರವೇ ಇಲ್ಲ. ಪಾತ್ರ ಬದಲಿಸು ಅಂದವರು ಹಲವರು. ಬದಲಿಸಿ ನೋಡಿದೆ ಕೂಡ. ಪ್ರತಿ ಪಾತ್ರಕ್ಕೂ ದರ್ಜೆ ಬೇರೆಯೇ ಲೆಕ್ಕ ಆಗುವುದರಿಂದ ಕ್ಯಾಮಿ ಆಡಿದರೆ ಮಾನೋನ್‌ಳ ದರ್ಜೆಗೆ ಏಟಿಲ್ಲ. ಎರಡು ವಾರದಲ್ಲಿ ಕ್ಯಾಮಿ ಜೊತೆ ಚೆನ್ನಾಗಿಯೇ ಗೆದ್ದೆ. ಆದರೆ ಗೆದ್ದಾಗ ಪದಕ ಬೀಳಲಿಲ್ಲವಲ್ಲ. ವಾಪಸ್ ಬಂದೆ.

ಪ್ಲಾಟಿನಂನಲ್ಲಿ ಏಳು ತಿಂಗಳು, ಅದರ ಮೇಲಿನ ದರ್ಜೆ ಡೈಮಂಡ್‌ನಲ್ಲಿ ಐದು. ಆಮೇಲೆ ಒಂದು ರಾತ್ರಿ ಒಬ್ಬ ಝಾಂಗೀಫ್‌ನನ್ನು ಐದನೇ ಮಟ್ಟದ ಹಿಡಿತದಿಂದ ಎಸೆದು ಮಾಸ್ಟರ್ ದರ್ಜೆ ತಲುಪಿದೆ. ಮಾಸ್ಟರ್ ಆದವರಿಗೆ 1,500ರಿಂದ ಹೊಸ ಅಂಕ ಲೆಕ್ಕ ಶುರುವಾಗುತ್ತದೆ. ನನ್ನದು ಸದ್ಯಕ್ಕೆ 1,380.