ಹಳೆಯ ಮಜ್ದಾ ಎಂಎಕ್ಸ್-5ಗೆ 195/50 ಆರ್15 ಟೈರು: ಚಿಕ್ಕಮಗಳೂರಿನ ರಸ್ತೆಗೆ ಸರಿಯೇ?

ಮಜ್ದಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರಾದ ಎಂಎಕ್ಸ್-5ರ ಮೊದಲ ತಲೆಮಾರಿಗೆ ಕಂಪನಿಯ ಅಳತೆ 185/60 ಆರ್14, ಅಂದರೆ ಅಗಲ 185 ಮಿ.ಮೀ., ಪಕ್ಕದ ಎತ್ತರ ಅಗಲದ ಶೇ. 60, ರಿಮ್ 14 ಇಂಚು. 15 ಇಂಚಿನ ರಿಮ್‌ಗೆ ಹೋಗುವವರಿಗೆ ನಮ್ಮ ಆಯ್ಕೆ 195/50. ಒಟ್ಟು ವ್ಯಾಸ 578ರ ಬದಲು 576 ಮಿ.ಮೀ., ಸ್ಪೀಡೋಮೀಟರ್ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. 195/55 ಹಾಕಿದರೆ ವ್ಯಾಸ ಶೇ. 3ರಷ್ಟು ಹೆಚ್ಚುತ್ತದೆ, ಮೀಟರ್ ಕಡಿಮೆ ವೇಗ ತೋರಿಸುತ್ತದೆ, ಚಾರ್ಮಾಡಿ ಏರಿನಲ್ಲಿ ಎಳೆತವೂ ಸ್ವಲ್ಪ ಕುಗ್ಗುತ್ತದೆ.

ತಿರುವುಗಳಲ್ಲಿ 195/50 ನಿಜಕ್ಕೂ ಖುಷಿ ಕೊಡುತ್ತದೆ, ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಮೂತಿ ತಿರುಗುತ್ತದೆ. ಆದರೆ ಸೈಡ್‌ವಾಲ್ (ಟೈರಿನ ಪಕ್ಕದ ಎತ್ತರ) 111ರಿಂದ 97.5 ಮಿ.ಮೀ.ಗೆ ಇಳಿದಿದೆ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಗೆ ಬಿದ್ದರೆ ರಿಮ್ ಬಾಗುತ್ತದೆ, ಟೈರಿನ ಪಕ್ಕ ಉಬ್ಬುತ್ತದೆ. ಮೂಡಿಗೆರೆ ಕಡೆ ದಿನಾ ಓಡಾಡುವವರು 14 ಇಂಚಿನಲ್ಲೇ ಇರಲಿ. ಆ ಅಳತೆ ಸಣ್ಣ ಕಾರುಗಳಿಗೂ ಬರುವುದರಿಂದ ಸುಲಭವಾಗಿ ಸಿಗುತ್ತದೆ.

ಟ್ರ್ಯಾಕ್ ಟೈರು ಬೇಡವೇ ಬೇಡ: ಅದರ ಮೇಲಿನ ಗೀರುಗಳು ಆಳವಿಲ್ಲದೆ ನೀರಿನ ಮೇಲೆ ಕಾರು ತೇಲುತ್ತದೆ. ಲೋಡ್ ಇಂಡೆಕ್ಸ್ (ಟೈರು ಹೊರಬಲ್ಲ ತೂಕ ಸೂಚಿಸುವ ಸಂಖ್ಯೆ) 82ಕ್ಕಿಂತ ಕಡಿಮೆ ಇರಬಾರದು. ಹೊಸ ರಿಮ್‌ನ ನಡುವಿನ ತೂತು 54.1 ಮಿ.ಮೀ.ಗಿಂತ ದೊಡ್ಡದಿದ್ದರೆ ಆ ಸಂದು ತುಂಬುವ ಹಬ್ ರಿಂಗ್ ಹಾಕಿಸಿ, ಇಲ್ಲದಿದ್ದರೆ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ. ಟೈರಿನ ಪಕ್ಕದಲ್ಲಿ 2324 ಎಂದಿದ್ದರೆ 2024ರ 23ನೇ ವಾರದ ತಯಾರಿ. ಹಳೆಯ ಸ್ಟಾಕ್ ವಾಪಸ್ ಕೊಡಿ. ಟೈರು ತಣ್ಣಗಿರುವಾಗ ಗಾಳಿ 26 ಪಿಎಸ್‌ಐ ಸಾಕು, ಹೆಚ್ಚಾದರೆ ನಡುಭಾಗ ಬೇಗ ಸವೆಯುತ್ತದೆ.