ಆಗುಂಬೆ ಇಳಿಯೋಕೆ ಯಾವ ಗೇರ್‌ಬಾಕ್ಸ್? ಮ್ಯಾನುವಲ್, ಎಎಂಟಿ, ಸಿವಿಟಿ, ಇವಿ ನಾಲ್ಕನ್ನೂ ಓಡಿಸಿ ನೋಡಿದ್ದು

ಕಾರು ಕೊಳ್ಳುವವರು ಮೊದಲು ಕೇಳುವುದು ಮೈಲೇಜ್ ಎಷ್ಟು ಅಂತ. ಆಮೇಲೆ ಪಿಕಪ್ ಹೇಗಿದೆ, ಘಾಟಿ ಆರಾಮಾಗಿ ಹತ್ತುತ್ತಾ ಅಂತ. ಇಳಿಯುವಾಗ ಹೇಗೆ ಅಂತ ಶೋರೂಮಿನಲ್ಲಿ ಕೇಳಿದವರನ್ನು ನಾನು ನೋಡಿಲ್ಲ. ಹತ್ತುವಾಗ ಕಾರಿಗೆ ದಮ್ಮು ಸಾಲದಿದ್ದರೆ ನಿಧಾನ ಆಗುತ್ತದೆ, ಹೆಚ್ಚೆಂದರೆ ನಿಂತುಬಿಡುತ್ತದೆ. ಇಳಿಯುವಾಗ ಬ್ರೇಕ್ ಕೈಕೊಟ್ಟರೆ ಪಕ್ಕದಲ್ಲಿರುವುದು ಕಮರಿ. ನನಗಂತೂ ಗೇರ್‌ಬಾಕ್ಸ್ ಆರಿಸುವಾಗ ಮೊದಲು ನೋಡಬೇಕಾದದ್ದು ಇಳಿಜಾರು.

ನಮ್ಮ ಮನೆ ಶಿವಮೊಗ್ಗದಲ್ಲಿ, ಅಮ್ಮನ ತವರು ಉಡುಪಿ ಕಡೆ. ತೀರ್ಥಹಳ್ಳಿ, ಆಗುಂಬೆ, ಸೋಮೇಶ್ವರ, ಹೆಬ್ರಿ ದಾರಿಯಲ್ಲಿ ವರ್ಷವಿಡೀ ಓಡಾಟ ಇದ್ದೇ ಇರುತ್ತದೆ. ಲೆಕ್ಕಕ್ಕೆ ಅದು ರಾಷ್ಟ್ರೀಯ ಹೆದ್ದಾರಿ 169ಎ. ಘಾಟಿಯಲ್ಲಿ ಮಾತ್ರ ಕಿರಿದಾದ ರಸ್ತೆ, 14 ಹೇರ್‌ಪಿನ್ ತಿರುವು. ಮನೆಯವರ, ಗೆಳೆಯರ ಕಾರುಗಳನ್ನೆಲ್ಲ ಇದೇ ದಾರಿಯಲ್ಲಿ ಓಡಿಸಿದ್ದೇನೆ. ನನ್ನದು ಪೆಟ್ರೋಲ್ ಮ್ಯಾನುವಲ್ ಹ್ಯಾಚ್‌ಬ್ಯಾಕ್. ಅಕ್ಕನದು ಅದೇ ಗಾತ್ರದ ಎಎಂಟಿ, ಅಂದರೆ ಕ್ಲಚ್, ಗೇರನ್ನು ಯಂತ್ರವೇ ನೋಡಿಕೊಳ್ಳುವ ಕಾರು. ಚಿಕ್ಕಪ್ಪನದು ಸಿವಿಟಿ ಸೆಡಾನ್, ಬಿಡಿ ಗೇರುಗಳಿಲ್ಲದ ಆಟೋಮ್ಯಾಟಿಕ್. ಗೆಳೆಯನದು ಇವಿ, ಅಂದರೆ ಬ್ಯಾಟರಿ ಕಾರು. ಕಂಪನಿ ಹೆಸರು ಬರೆಯುವುದಿಲ್ಲ. ಇಲ್ಲಿ ಹೇಳುತ್ತಿರುವುದು ಗೇರ್‌ಬಾಕ್ಸ್ ವಿಷಯ, ಬ್ರಾಂಡ್ ವಿಷಯ ಅಲ್ಲ.

ಹೋಲಿಕೆಗೆ ನಾನು ಇಟ್ಟುಕೊಂಡ ಅಳತೆ ಬಹಳ ಸರಳ. ಸೋಮೇಶ್ವರದಲ್ಲಿ ಘಾಟಿ ಮುಗಿದ ಮೇಲೆ ಜಾಗ ನೋಡಿ ಪಕ್ಕಕ್ಕೆ ನಿಲ್ಲಿಸುತ್ತೇನೆ. ಮುಂದಿನ ಚಕ್ರದ ಹತ್ತಿರ ಅಂಗೈ ಒಡ್ಡುತ್ತೇನೆ, ಮುಟ್ಟುವುದಿಲ್ಲ. ಎಷ್ಟು ಶಾಖ ಹೊಡೆಯುತ್ತದೋ ಬ್ರೇಕ್ ಅಷ್ಟು ದುಡಿದಿದೆ ಅಂತ ಅರ್ಥ. ಜನ ಅಷ್ಟೇ, ಲಗೇಜು ಅಷ್ಟೇ, ವೇಗವೂ ಹೆಚ್ಚು ಕಡಿಮೆ ಅಷ್ಟೇ ಇದ್ದರೂ ಒಂದು ಕಾರಿಂದ ಇನ್ನೊಂದಕ್ಕೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಈ ಶಾಖಕ್ಕೆ ಯಾಕೆ ಇಷ್ಟು ಒತ್ತು ಕೊಡುತ್ತೇನೆ ಅಂದರೆ, ಘಾಟಿಯಲ್ಲಿ ಬ್ರೇಕ್ ಫೇಲ್ ಅಂತ ಜನ ಹೇಳುವುದರಲ್ಲಿ ತುಂಬಾ ಪ್ರಕರಣ ಬ್ರೇಕ್ ಕಾದು ಆಗುವಂಥದ್ದು. ಪ್ಯಾಡ್ ಮಿತಿ ಮೀರಿ ಕಾದರೆ ಡಿಸ್ಕನ್ನು ಸರಿಯಾಗಿ ಕಚ್ಚುವುದಿಲ್ಲ. ಇನ್ನೂ ಕಾದರೆ ಬ್ರೇಕ್ ಆಯಿಲ್ ಕುದಿಯುತ್ತದೆ. ಅದರಲ್ಲಿ ಆವಿಯ ಗುಳ್ಳೆ ಎದ್ದ ಮೇಲೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ತಡೆಯಬೇಕು ಅಂತ ನಿಯಮ. ಆದರೆ ಆ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರುತ್ತಾ ಹೋಗುತ್ತದೆ. ತೇವ ಸೇರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಮಲೆನಾಡು, ಕರಾವಳಿಯ ಗಾಳಿಯಲ್ಲಿ ತೇವಕ್ಕೇನು ಕೊರತೆ? ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ ಅಂತ ಹೇಳುವುದು ಇದಕ್ಕೇ. ಎಂಜಿನ್ ಆಯಿಲ್ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಕಾರುಪ್ರಿಯರು ಕೂಡ ಇದನ್ನು ಮರೆತೇಬಿಡುತ್ತಾರೆ.

ಮ್ಯಾನುವಲ್‌ನಿಂದ ಶುರು ಮಾಡುತ್ತೇನೆ. ಸನ್‌ಸೆಟ್ ಪಾಯಿಂಟ್ ದಾಟುವಾಗಲೇ ಎರಡನೇ ಗೇರಿಗೆ ಬಂದು ಎಕ್ಸಲರೇಟರ್‌ನಿಂದ ಕಾಲು ತೆಗೆದರೆ ಸಾಕು, ಎಂಜಿನ್ ತಾನೇ ಕಾರನ್ನು ಹಿಡಿದುಕೊಳ್ಳುತ್ತದೆ. ತಿರುವಿಗೆ ಮುಂಚೆ ಬ್ರೇಕನ್ನು ಒಂದು ಸಲ ಗಟ್ಟಿಯಾಗಿ ಒತ್ತಿ ಬಿಟ್ಟರೆ ಆಯಿತು. ಉದ್ದಕ್ಕೂ ಕಾಲಿಟ್ಟುಕೊಂಡು ಬರುವ ಕೆಲಸವಿಲ್ಲ. ತೀರಾ ಕಡಿದಾದ ತಿರುವಿಗೆ ಮೊದಲನೇ ಗೇರೂ ಬೇಕಾಗಬಹುದು. ಹತ್ತುವ ಗೇರಲ್ಲೇ ಇಳಿಯಬೇಕು ಅಂತ ಹಳೇ ಲಾರಿ ಚಾಲಕರು ಹೇಳುತ್ತಾರಲ್ಲ, ಅದು ಇಂದಿಗೂ ಸರಿ. ಸೋಮೇಶ್ವರದಲ್ಲಿ ಚಕ್ರಕ್ಕೆ ಕೈ ಒಡ್ಡಿದರೆ ಹದವಾದ ಬಿಸಿ, ಅಷ್ಟೇ.

ಮ್ಯಾನುವಲ್‌ನ ದೊಡ್ಡ ಗುಣ ಏನೆಂದರೆ ನಾನು ಹಾಕಿದ ಗೇರನ್ನು ಅದು ತಾನಾಗಿ ಬದಲಿಸುವುದಿಲ್ಲ. ತಿರುವಿನ ಮಧ್ಯೆ ಏನಾಗುತ್ತದೆ ಅಂತ ನನಗೆ ಮೊದಲೇ ಗೊತ್ತಿರುತ್ತದೆ. ದೊಡ್ಡ ಅಪಾಯವೂ ಮ್ಯಾನುವಲ್‌ನಲ್ಲೇ ಇದೆ, ಅದು ನ್ಯೂಟ್ರಲ್. ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್‌ಗೆ ಹಾಕಿ ಘಾಟಿ ಇಳಿಸುವವರು ಈಗಲೂ ಇದ್ದಾರೆ. ಕೆಲವರಂತೂ ಎಂಜಿನ್ನನ್ನೇ ಆಫ್ ಮಾಡುತ್ತಾರೆ. ದಯವಿಟ್ಟು ಇದನ್ನು ಮಾಡಬೇಡಿ. ಈಗಿನ ಫ್ಯೂಯೆಲ್ ಇಂಜೆಕ್ಷನ್ ಕಾರುಗಳಲ್ಲಿ ಗೇರಲ್ಲಿದ್ದು ಎಕ್ಸಲರೇಟರ್ ಬಿಟ್ಟರೆ ಇಂಜೆಕ್ಟರ್ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ಪೆಟ್ರೋಲ್ ಸುಡುತ್ತಲೇ ಇರಬೇಕು. ಡ್ಯಾಶ್‌ಬೋರ್ಡಿನಲ್ಲಿ ಆ ಕ್ಷಣದ ಮೈಲೇಜ್ ತೋರಿಸುವ ಗೆರೆ ಇದ್ದರೆ ನೋಡಿ. ಗೇರಲ್ಲಿ ಇಳಿಯುವಾಗ ಅದು ಕೊನೆ ಮುಟ್ಟಿ ನಿಂತಿರುತ್ತದೆ. ಅಂದಮೇಲೆ ನ್ಯೂಟ್ರಲ್‌ನಲ್ಲಿ ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ. ಎಂಜಿನ್ ಆಫ್ ಮಾಡಿದರೆ ಇನ್ನೂ ಕಷ್ಟ. ಪೆಡಲ್ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರಿನಲ್ಲಿ ಉಳಿದ ನಿರ್ವಾತ ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ, ಆಮೇಲೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಪವರ್ ಸ್ಟೇರಿಂಗೂ ಹೋಗುತ್ತದೆ. ನಾನು ಕಲಿತ ಡ್ರೈವಿಂಗ್ ಸ್ಕೂಲಿನಲ್ಲಿ ರಿವರ್ಸ್ ಹೇಳಿಕೊಟ್ಟರು, ಎಂಟು ಹಾಕಿಸಿದರು. ಇಳಿಜಾರಿನ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಪಶ್ಚಿಮ ಘಟ್ಟ ಉದ್ದಕ್ಕೂ ಹಬ್ಬಿರುವ ರಾಜ್ಯದಲ್ಲಿ ಇದನ್ನು ಕಲಿಸದೆ ಲೈಸೆನ್ಸ್ ಕೈಗೆ ಬರುತ್ತದೆ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಅಕ್ಕನ ಎಎಂಟಿಗೆ ಬರೋಣ. ನಮ್ಮಲ್ಲಿ ಎಎಂಟಿ ಮನೆಮಾತಾಗಿದ್ದು 2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ. ಒಳಗಿರುವುದು ಮಾಮೂಲಿ ಮ್ಯಾನುವಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಮ್ಯಾನುವಲ್‌ಗಿಂತ ಸುಮಾರು ಅರ್ಧ ಲಕ್ಷ ಜಾಸ್ತಿ ಕೊಟ್ಟರೆ ಸಿಗುತ್ತದೆ. ಸಿಟಿ ಟ್ರಾಫಿಕ್ಕಿನಲ್ಲಿ ಎಡಗಾಲಿಗೆ ಸಿಗುವ ಬಿಡುವು ನೋಡಿದರೆ ಆ ದುಡ್ಡು ದಂಡವಲ್ಲ.

ಡಿಯಲ್ಲಿ, ಅಂದರೆ ಗೇರನ್ನು ಕಾರೇ ಆರಿಸುವ ಡ್ರೈವ್ ಮೋಡ್‌ನಲ್ಲಿ ಬಿಟ್ಟು ಆಗುಂಬೆ ಇಳಿಸಿದಾಗ ಮಾತ್ರ ನನಗೆ ಇಷ್ಟವಾಗಲಿಲ್ಲ. ಎಕ್ಸಲರೇಟರ್ ಬಿಟ್ಟೆ, ಇಳಿಜಾರಿಗೆ ವೇಗ ಏರಿತು, ಅದು ಮೂರನೇ ಗೇರಿಗೆ ಹೋಯಿತು. ಅಲ್ಲಿಗೆ ಹಿಡಿತ ಸಡಿಲ. ತಿರುವಿಗೆ ಬ್ರೇಕ್ ಒತ್ತಿದೆ, ಅದು ಮತ್ತೆ ಎರಡಕ್ಕೆ ಬಂತು. ಪ್ರತಿ ಬದಲಾವಣೆಗೂ ಕಾರಲ್ಲಿ ಕೂತವರ ತಲೆ ಮುಂದಕ್ಕೆ, ಹಿಂದಕ್ಕೆ. ಹಿಂದೆ ಕೂತ ಮಕ್ಕಳಿಗೆ ವಾಂತಿ ಬರಲು ಇಷ್ಟು ಸಾಕು. ಲಿವರನ್ನು ಎಂಗೆ, ಅಂದರೆ ಗೇರನ್ನು ನಾವೇ ಆರಿಸುವ ಮ್ಯಾನುವಲ್ ಮೋಡ್‌ಗೆ ತಳ್ಳಿ ಎರಡನೇ ಗೇರಿಗೆ ಇಳಿಸಿದ ಮೇಲೆ ಬೇರೆಯದೇ ಕಾರು. ಇಳಿಯುವ ಹದ ಥೇಟ್ ನನ್ನ ಮ್ಯಾನುವಲ್‌ನದೇ. ಚಕ್ರದ ಬಿಸಿಯಲ್ಲೂ ವ್ಯತ್ಯಾಸ ಕಾಣಲಿಲ್ಲ. ಅಕ್ಕ ಆ ಎಂ ಅಕ್ಷರವನ್ನು ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಈಗ ಆಗುಂಬೆ ಚೆಕ್‌ಪೋಸ್ಟ್ ಬಂತು ಅಂದರೆ ತಾನಾಗಿಯೇ ಎಂಗೆ ಹಾಕುತ್ತಾಳೆ.

ಎಎಂಟಿಯ ನಿಜವಾದ ಕಷ್ಟ ಇರುವುದು ಹತ್ತುವಾಗ. ವಾರಾಂತ್ಯದಲ್ಲಿ ಮಿನಿ ಬಸ್ಸಿನ ಹಿಂದೆ ತಿರುವಲ್ಲಿ ನಿಂತೆವು ಅಂದುಕೊಳ್ಳಿ. ಬ್ರೇಕ್ ಬಿಟ್ಟು ಎಕ್ಸಲರೇಟರ್ ಒತ್ತುವ ನಡುವೆ ಕ್ಲಚ್ ಕೂಡಿಕೊಳ್ಳಲು ಒಂದು ಕ್ಷಣ ಬೇಕು. ಅಷ್ಟರಲ್ಲಿ ಕಾರು ಹಿಂದಕ್ಕೆ ಜಾರುತ್ತದೆ. ಹಿಲ್ ಹೋಲ್ಡ್ ಇದ್ದರೆ ಒಂದೆರಡು ಸೆಕೆಂಡ್ ಹಿಡಿದುಕೊಳ್ಳುತ್ತದೆ. ಇಲ್ಲದಿದ್ದರೆ ಹ್ಯಾಂಡ್ ಬ್ರೇಕೇ ಗತಿ. ಎಕ್ಸಲರೇಟರನ್ನು ಸ್ವಲ್ಪವೇ ಒತ್ತಿಕೊಂಡು ಕಾರನ್ನು ಏರಿನಲ್ಲಿ ನಿಲ್ಲಿಸಿಕೊಳ್ಳುವುದು ಮಾತ್ರ ಬೇಡ, ಅದು ಪೂರ್ತಿ ಹಾಫ್ ಕ್ಲಚ್ ಹಾಕಿದಂತೆಯೇ. ಕ್ಲಚ್ ಸುಟ್ಟ ವಾಸನೆ ಬರಲು ಹೆಚ್ಚು ಹೊತ್ತು ಬೇಕಿಲ್ಲ. ಹಾಗಾಗಿ ನನ್ನ ಮಟ್ಟಿಗೆ ಹಿಲ್ ಹೋಲ್ಡ್ ಇಲ್ಲದ ಎಎಂಟಿಯನ್ನು ಮಲೆನಾಡಿನವರು ಕೊಳ್ಳಲೇಬಾರದು. ಸನ್‌ರೂಫಿನ ದುಡ್ಡನ್ನು ಇದಕ್ಕೆ ಹಾಕಿ.

ಇಲ್ಲೇ ಇನ್ನೊಂದು ಮಾತು. ಕಿರಿದಾದ ಬೆಟ್ಟದ ರಸ್ತೆಯಲ್ಲಿ ಹತ್ತುವ ವಾಹನಕ್ಕೆ ಮೊದಲ ಹಕ್ಕು, ಇಳಿಯುವವರು ನಿಂತು ದಾರಿ ಬಿಡಬೇಕು. ಇದು ಸುಮ್ನೆ ಸೌಜನ್ಯ ಅಲ್ಲ, ನಮ್ಮ ರಸ್ತೆ ನಿಯಮದಲ್ಲೇ ಇದೆ. ಏರಿನಲ್ಲಿ ನಿಂತ ಕಾರನ್ನು ಮತ್ತೆ ಹೊರಡಿಸುವುದು ಎಷ್ಟು ಕಷ್ಟ ಅಂತ ಎಎಂಟಿ ಓಡಿಸಿದವರಿಗೆ ಚೆನ್ನಾಗಿ ಗೊತ್ತು. ಆದರೂ ಮೇಲಿಂದ ಲೈಟ್ ಮಿಣುಕಿಸುತ್ತಾ ನುಗ್ಗುವವರೇ ಜಾಸ್ತಿ.

ಸಿವಿಟಿ ನಾಲ್ಕರಲ್ಲಿ ಅತಿ ನಯ. ಗೇರ್ ಬದಲಾಗುವ ಜರ್ಕ್ ಇಲ್ಲವೇ ಇಲ್ಲ, ಯಾಕೆಂದರೆ ಅದರಲ್ಲಿ ಬಿಡಿ ಬಿಡಿ ಗೇರುಗಳೇ ಇಲ್ಲ. ಎರಡು ಪುಲ್ಲಿ, ನಡುವೆ ಒಂದು ಬೆಲ್ಟ್. ಹತ್ತುವಾಗ ಎಂಜಿನ್ ಸದ್ದು ಜೋರಾಗುತ್ತದೆ, ಅದು ಬಿಟ್ಟರೆ ದೂರಲು ಏನೂ ಇಲ್ಲ. ಅಮ್ಮನಿಗೆ ಇದೇ ಇಷ್ಟ.

ಈ ನಯವೇ ಇಳಿಯುವಾಗ ಮೈ ಮರೆಸುತ್ತದೆ. ಚಿಕ್ಕಪ್ಪನ ಕಾರಲ್ಲಿ ಡಿಯಲ್ಲಿದ್ದು ಕಾಲು ತೆಗೆದರೆ ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ತೋರಿಸುವ ಟ್ಯಾಕೋಮೀಟರ್ ಮುಳ್ಳು ಕೆಳಗಿಳಿದು ಕೂರುತ್ತದೆ, ಕಾರು ಜಾರುತ್ತಾ ಹೋಗುತ್ತದೆ. ಎಂಜಿನ್ ಹಿಡಿದುಕೊಳ್ಳುತ್ತಿದೆ ಅಂತ ಅನಿಸುವುದೇ ಇಲ್ಲ. ಹೀಗಾಗಿ ಹದಿನಾಲ್ಕು ತಿರುವಿಗೂ ಕಾಲು ಬ್ರೇಕಿನ ಮೇಲೆಯೇ. ಸೋಮೇಶ್ವರದಲ್ಲಿ ಬಾಗಿಲು ತೆಗೆದ ಕೂಡಲೇ ಪ್ಯಾಡಿನ ಘಾಟು ಮೂಗಿಗೆ ಬಂತು. ಚಕ್ರದ ಹತ್ತಿರ ಕೈ ಇಡಲಾಗಲಿಲ್ಲ. ನಾಲ್ಕೂ ಕಾರುಗಳಲ್ಲಿ ಅತಿ ಹೆಚ್ಚು ಬಿಸಿ ಕಂಡಿದ್ದು ಇಲ್ಲೇ. ಮುಂದಿನ ಸಲ ಎಸ್‌ಗೆ, ಅಂದರೆ ಸ್ಪೋರ್ಟ್ ಮೋಡ್‌ಗೆ ಹಾಕಿ, ಸ್ಟೇರಿಂಗ್ ಹಿಂದಿನ ಪ್ಯಾಡಲ್‌ನಿಂದ ಕೆಳಗಿನ ಹಂತಕ್ಕೆ ಇಳಿಸಿದೆ. ಮುಳ್ಳು ಮೇಲೇರಿತು, ಎಂಜಿನ್ ಗುರ್ ಅಂತು, ಕಾರು ಹಿಡಿತಕ್ಕೆ ಬಂತು. ಚಕ್ರದ ಬಿಸಿ ಸಾಕಷ್ಟು ಕಡಿಮೆ. ಮ್ಯಾನುವಲ್‌ನಷ್ಟು ಬಿಗಿ ಇಲ್ಲದಿದ್ದರೂ ತೊಂದರೆಯಿಲ್ಲ. ಕೆಲವು ಕಾರಲ್ಲಿ ಎಸ್ ಇರುತ್ತದೆ, ಕೆಲವದರಲ್ಲಿ ಎಲ್, ಅಂದರೆ ಲೋ. ನಿಮ್ಮದರಲ್ಲಿ ಯಾವುದಿದೆ ಅಂತ ಕಾರಿನ ಜೊತೆ ಬಂದ ಪುಸ್ತಕ ತೆಗೆದು ನೋಡಿ. ಆ ಸದ್ದಿಗೆ ಹೆದರಿ ಮತ್ತೆ ಡಿಗೆ ಹಾಕಬೇಡಿ, ಎಂಜಿನ್ನಿಗೆ ಏನೂ ಆಗುವುದಿಲ್ಲ.

ಟಾರ್ಕ್ ಕನ್ವರ್ಟರ್ ಅನ್ನುವ ಇನ್ನೊಂದು ಬಗೆಯ ಆಟೋಮ್ಯಾಟಿಕ್ ಇರುವ ಡೀಸೆಲ್ ಎಸ್‌ಯುವಿಯೊಂದನ್ನು ಚಾರ್ಮಾಡಿಯಲ್ಲಿ ಓಡಿಸಿದ್ದೇನೆ. ಅಲ್ಲೂ ಇದೇ ಕಥೆ. ಮ್ಯಾನುವಲ್ ಮೋಡ್‌ಗೆ ಹಾಕಿದರೆ ಚೆನ್ನಾಗಿ ಹಿಡಿಯುತ್ತದೆ, ಹತ್ತುವಾಗ ಹಿಂದೆ ಜಾರುವ ಭಯವೂ ಅಷ್ಟಾಗಿ ಇಲ್ಲ. ಬೆಲೆ ಮಾತ್ರ ಬೇರೆ ಲೆಕ್ಕ.

ಇನ್ನು ಇವಿ. ನಿಜ ಹೇಳಬೇಕೆಂದರೆ ಇಳಿಯಲು ಇದಕ್ಕೆ ಸಾಟಿ ಇಲ್ಲ. ರೀಜನ್ (ರೀಜನರೇಟಿವ್ ಬ್ರೇಕಿಂಗ್) ಅನ್ನುವುದನ್ನು ಮೇಲಿನ ಮಟ್ಟಕ್ಕೆ ಇಟ್ಟರೆ ಮೋಟರೇ ಜನರೇಟರ್ ಆಗಿ ಕಾರನ್ನು ಹಿಡಿಯುತ್ತದೆ, ಕರೆಂಟು ಬ್ಯಾಟರಿಗೆ ಹೋಗುತ್ತದೆ. ಜನರನ್ನೂ ಸೇರಿಸಿ 1,700 ಕಿಲೋ ತೂಕದ ಕಾರು 500 ಮೀಟರ್ ಎತ್ತರ ಇಳಿದರೆ ಬಿಡುಗಡೆಯಾಗುವ ಶಕ್ತಿ ಎರಡು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ಅದರಲ್ಲಿ ಒಂದಷ್ಟು ಸೋರಿಹೋದರೂ ಉಳಿದದ್ದು ಬ್ಯಾಟರಿಗೆ ಬರುತ್ತದೆ. ಉಳಿದ ಕಾರುಗಳಲ್ಲಿ ಅದೆಲ್ಲ ಎಂಜಿನ್ನಲ್ಲೋ ಬ್ರೇಕಲ್ಲೋ ಶಾಖವಾಗಿ ಹೋಗುವಂಥದ್ದು. ಬ್ರೇಕ್ ಪೆಡಲ್ ಮುಟ್ಟಿದ್ದು ತೀರಾ ಕಡಿದಾದ ತಿರುವುಗಳಲ್ಲಿ ಮಾತ್ರ. ಸೋಮೇಶ್ವರದಲ್ಲಿ ಚಕ್ರ ಹೆಚ್ಚು ಕಡಿಮೆ ತಣ್ಣಗಿತ್ತು.

ಆದರೆ ಒಂದು ಸಂದರ್ಭದಲ್ಲಿ ಇದೇ ಕಾರು ಪೂರ್ತಿ ಬೇರೆ ಥರ ನಡೆದುಕೊಂಡಿತು. ಆಗುಂಬೆಯಲ್ಲೇ ರಾತ್ರಿ ಉಳಿದು, 15 ಆಂಪ್ ಸಾಕೆಟ್ಟಿಗೆ ಹಾಕಿ, ಬೆಳಗ್ಗೆ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಹೊರಟೆವು. ಘಾಟಿ ಶುರುವಾದಾಗ ರೀಜನ್ ಇಲ್ಲವೇನೋ ಅನ್ನುವಷ್ಟು ಕಡಿಮೆ. ಬ್ಯಾಟರಿ ತುಂಬಿರುವಾಗ ಕರೆಂಟ್ ಇಡಲು ಜಾಗ ಇರುವುದಿಲ್ಲ, ಅದಕ್ಕೆ ಕಾರು ರೀಜನ್ ತಗ್ಗಿಸುತ್ತದೆ. ಬಹುತೇಕ ಇವಿಗಳ ಸ್ವಭಾವವೇ ಹೀಗೆ. ಇಳಿಸಿಕೊಳ್ಳಲು ಕೆಳಗಿನ ಗೇರೂ ಇಲ್ಲ. ಮೇಲಾಗಿ ಬ್ಯಾಟರಿಯ ಭಾರ. ಬ್ರೇಕ್ ಒಂದೇ ಗತಿ. ಮೊದಲೇ ಗೊತ್ತಿದ್ದರೆ ನಿಧಾನವಾಗಿ, ಅಲ್ಲಲ್ಲಿ ನಿಂತು ಇಳಿಯಬಹುದು. ಗೊತ್ತಿಲ್ಲದವರಿಗೆ ಮೊದಲ ತಿರುವಿನಲ್ಲೇ ಎದೆ ಧಸಕ್ಕೆನ್ನುತ್ತದೆ. ಘಾಟಿಯ ಮೇಲಿನ ಊರುಗಳಲ್ಲಿ ಚಾರ್ಜ್ ಮಾಡುವವರು 85, 90ಕ್ಕೆ ನಿಲ್ಲಿಸಿಬಿಡಿ. ಮಿಕ್ಕಿದ್ದನ್ನು ಘಾಟಿಯೇ ಕೊಡುತ್ತದೆ.

ಎಂಜಿನ್ ಬ್ರೇಕಿಂಗ್‌ನಲ್ಲಿ ಬ್ರೇಕ್ ಲೈಟ್ ಹತ್ತುವುದಿಲ್ಲ. ಇವಿಯಲ್ಲಿ ಜೋರು ರೀಜನ್ ಇದ್ದಾಗ ಹತ್ತುವ ಕಾರುಗಳಿವೆ, ಮೆಲ್ಲಗಿದ್ದಾಗ ಹತ್ತುವುದಿಲ್ಲ. ಹಿಂದಿನವನು ತೀರಾ ಅಂಟಿಕೊಂಡು ಬರುತ್ತಿದ್ದರೆ ಪೆಡಲನ್ನು ಹಗುರಾಗಿ ತಟ್ಟಿ ಅವನಿಗೆ ತಿಳಿಸಬೇಕು. ಇದು ನಾಲ್ಕಕ್ಕೂ ಅನ್ವಯ.

ಬರೀ ಇಳಿಜಾರಿನ ಲೆಕ್ಕದಲ್ಲಿ ನನ್ನ ಕ್ರಮ ಹೀಗೆ: ಬ್ಯಾಟರಿಯಲ್ಲಿ ಜಾಗ ಇರುವ ಇವಿ ಮೊದಲು, ಆಮೇಲೆ ಮ್ಯಾನುವಲ್, ಅದರ ಬೆನ್ನಿಗೇ ಎಂನಲ್ಲಿರುವ ಎಎಂಟಿ, ಕೊನೆಗೆ ಎಸ್ ಅಥವಾ ಎಲ್‌ನಲ್ಲಿರುವ ಸಿವಿಟಿ. ಡಿಯಲ್ಲೇ ಬಿಟ್ಟ ಎಎಂಟಿ, ಡಿಯಲ್ಲೇ ಬಿಟ್ಟ ಸಿವಿಟಿ ಎರಡನ್ನೂ ನಾನು ಪಟ್ಟಿಯಲ್ಲೇ ಸೇರಿಸುವುದಿಲ್ಲ. ನನಗೆ ಈಗಲೇ ಹೊಸ ಕಾರು ಕೊಳ್ಳಬೇಕಾಗಿ ಬಂದರೆ ಮತ್ತೆ ಮ್ಯಾನುವಲ್ಲೇ. ಮಂಡಿನೋವಿರುವವರು, ದಿನಾ ಬೆಂಗಳೂರು ಟ್ರಾಫಿಕ್ಕಿನಲ್ಲಿ ಒದ್ದಾಡಿ ವರ್ಷಕ್ಕೆ ಎರಡು ಸಲ ಊರಿಗೆ ಬರುವವರು ಹಿಲ್ ಹೋಲ್ಡ್ ಇರುವ ಎಎಂಟಿ ನೋಡಲಿ. ಎಂ ಬಳಸಲು ಕಲಿತರೆ ಅವರಿಗೆ ಯಾವ ತೊಂದರೆಯೂ ಇಲ್ಲ.

ಟೆಸ್ಟ್ ಡ್ರೈವ್‌ಗೆ ಶೋರೂಮಿನವರು ಸಪಾಟು ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿ ವಾಪಸ್ ಕರೆತರುತ್ತಾರೆ, ಅಲ್ವಾ? ಯಾವುದಾದರೂ ಮೇಲ್ಸೇತುವೆಗೋ ಬೇಸ್‌ಮೆಂಟ್ ಪಾರ್ಕಿಂಗ್ ರ್‍ಯಾಂಪಿಗೋ ಹೋಗೋಣ ಅಂತ ಹಟ ಹಿಡಿಯಿರಿ. ಹಿಂದೆ ಯಾರೂ ಇಲ್ಲದಾಗ ಏರಿನಲ್ಲಿ ಪೂರ್ತಿ ನಿಲ್ಲಿಸಿ ಹೊರಡಿಸಿ, ಎಷ್ಟು ಜಾರುತ್ತದೆ ನೋಡಿ. ಇಳಿಯುವಾಗ ಕೆಳಗಿನ ಗೇರಿಗೆ ಅಥವಾ ಎಸ್‌ಗೆ ಹಾಕಿ ಎರಡೂ ಕಾಲು ತೆಗೆದು, ಎಷ್ಟು ಹಿಡಿಯುತ್ತದೆ ಗಮನಿಸಿ. ಮನೆಯವರನ್ನೂ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಸಿ ಕೂರಿಸಿಕೊಂಡು ಹೋಗಿ. ಖಾಲಿ ಕಾರಿಗೂ ತುಂಬಿದ ಕಾರಿಗೂ ಇಳಿಜಾರಿನಲ್ಲಿ ಬಹಳ ವ್ಯತ್ಯಾಸ ಇರುತ್ತದೆ.